ಬಾತು ಇಳಿದ ಹೊಂಡ, ಮೀನು ಸತ್ತ ಬೆಳಗು

ಮೀನು ಸತ್ತ ಹೊಂಡದ ಮೇಲೆ ಬೆಳಗಿನ ಹೊತ್ತು ಕಾಡುಬಾತುಗಳು ತೇಲುತ್ತಿದ್ದರೆ ಅಪರಾಧಿ ಯಾರೆಂದು ಹುಡುಕಲು ಯಾರೂ ಹೋಗುವುದಿಲ್ಲ. ಹೊಟ್ಟೆ ಮೇಲಾಗಿ ಬಿದ್ದ ಕಾಟ್ಲಾ, ಅದರಾಚೆ ನೀರು ಸೀಳಿಕೊಂಡು ಹೋಗುವ ಹಕ್ಕಿ. ಎರಡನ್ನೂ ಒಂದೇ ನೋಟದಲ್ಲಿ ಕಂಡ ಕಣ್ಣು ಅಲ್ಲೇ ತೀರ್ಪು ಕೊಟ್ಟುಬಿಡುತ್ತದೆ. ಬಯಲುಸೀಮೆಯಲ್ಲಿ ಕೃಷಿಹೊಂಡಗಳು ಹೆಚ್ಚಿದಂತೆ ಈ ತೀರ್ಪೂ ಹೆಚ್ಚಾಗಿ ಕಿವಿಗೆ ಬೀಳುತ್ತಿದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯನ್ನೇ ನಂಬಿದ ಜಮೀನುಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳನ್ನು ಸಾವಿರಗಟ್ಟಲೆ ತೋಡಿದರು. ನೀರಿದ್ದಲ್ಲಿ ನಾಲ್ಕು ಮೀನು ಬಿಡೋಣವೆಂಬ ಆಸೆ ಸಹಜ. ನೀರಿದ್ದಲ್ಲಿ ಹಕ್ಕಿ ಇಳಿಯುವುದು ಇನ್ನೂ ಸಹಜ. ಊರಂಚಿನ ತೋಟದ ಮನೆಗಳಲ್ಲಿ, ರೆಸಾರ್ಟುಗಳಲ್ಲಿ ಬಣ್ಣದ ಕೋಯಿ ಮೀನು ಸಾಕುವವರ ದೂರೂ ಇದೇ.

ಈ ತೀರ್ಪು ಬಹುಪಾಲು ತಪ್ಪು ಎಂಬುದು ನನ್ನ ವಾದ. ಬಾತನ್ನು ಪೂರ್ತಿಯಾಗಿ ಖುಲಾಸೆ ಮಾಡಲು ಹೊರಟಿಲ್ಲ. ಕೆಲವು ಕಡೆ ಅದರಿಂದ ನಿಜಕ್ಕೂ ನಷ್ಟವಾಗುತ್ತದೆ, ಅದನ್ನೂ ಹೇಳುತ್ತೇನೆ. ಆದರೆ ಮೀನಿನ ಸಾವಿಗೆ ಕಾರಣ ಹೆಚ್ಚಿನ ಸಲ ನೀರಿನೊಳಗೇ ಇರುತ್ತದೆ, ಅದನ್ನು ಅಲ್ಲಿಗೆ ತಂದವರು ನಾವೇ ಆಗಿರುತ್ತೇವೆ. ಹಕ್ಕಿಯತ್ತ ಬೊಟ್ಟು ಮಾಡಿ ಸುಮ್ಮನಾದ ರೈತ ಮುಂದಿನ ವರ್ಷವೂ ಅದೇ ನಷ್ಟಕ್ಕೆ ಗುರಿಯಾಗುತ್ತಾನೆ. ತಪ್ಪು ತೀರ್ಪಿನಿಂದ ಹಕ್ಕಿಗಿಂತ ರೈತನಿಗೇ ಹೆಚ್ಚು ಹಾನಿ ಎಂಬ ಕಾರಣಕ್ಕೇ ಇದನ್ನು ಬಿಡಿಸಿ ಬರೆಯಬೇಕೆನಿಸಿತು.

ಮೊದಲು ಬಂದದ್ದು ಯಾವ ಹಕ್ಕಿ ಎಂದು ನೋಡಬೇಕು. ನಮ್ಮ ಹೊಂಡ, ಕುಂಟೆಗಳಿಗೆ ವರ್ಷವಿಡೀ ಬರುವುದು ಚುಕ್ಕೆಕೊಕ್ಕಿನ ಬಾತು, ಅಂದರೆ ವರಟೆ. ಕಪ್ಪು ಕೊಕ್ಕಿನ ತುದಿ ಹಳದಿ, ಬುಡದಲ್ಲಿ ಎರಡು ಕೆಂಪು ಚುಕ್ಕೆ. ಅದರ ಜೊತೆ, ಹಾರುವಾಗ ಸಿಳ್ಳೆ ಹಾಕುವ ಕಂದುಬಣ್ಣದ ಸಿಳ್ಳೆಬಾತು. ಚಳಿಗಾಲದಲ್ಲಿ ಉತ್ತರದಿಂದ ಇಳಿದುಬರುವ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತುಗಳು ದೊಡ್ಡ ಕೆರೆಗಳನ್ನೇ ಹೆಚ್ಚು ನೆಚ್ಚುತ್ತವೆ. ಇವೆಲ್ಲವುಗಳ ಕೊಕ್ಕು ಚಪ್ಪಟೆ, ಅದರ ಅಂಚಿನಲ್ಲಿ ನೀರು ಸೋಸುವ ಸಣ್ಣ ಹಲ್ಲುಸಾಲು. ತಲೆ ಕೆಳಗೆ, ಬಾಲ ಮೇಲೆ ಮಾಡಿ ಜೊಂಡಿನ ಬೀಜ, ನೀರುಗಿಡದ ಚಿಗುರು, ಹುಳುಹುಪ್ಪಟೆ, ಬಸವನಹುಳುಗಳನ್ನು ಹುಡುಕಿ ತಿನ್ನುತ್ತವೆ. ಅಂಗೈಯುದ್ದದ ರೋಹುವನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದು ಆ ಕೊಕ್ಕಿನ ಕೆಲಸವಲ್ಲ. ಮೀನು ಹಿಡಿಯುವವು ಬೇರೆ: ನೀರುಕಾಗೆ, ಹಾವಕ್ಕಿ, ಬಕ, ಮಿಂಚುಳ್ಳಿ. ನೀರುಕಾಗೆಗಳ ಹಿಂಡು ಬಿದ್ದರೆ ಸಣ್ಣ ಹೊಂಡ ಬೇಗನೆ ಬರಿದಾಗುವುದು ನಿಜ, ಆ ರೈತನ ಸಂಕಟವೂ ನಿಜ. ಆದರೆ ಅಲ್ಲಿ ಮೀನು ಕಾಣೆಯಾಗುತ್ತದೆ, ಸತ್ತು ತೇಲುವುದಿಲ್ಲ. ದೂರದಿಂದ ನೀರುಕಾಗೆಯೂ ಬಾತಿನಂತೆಯೇ ಕಂಡರೂ ಗುರುತು ಕಷ್ಟವಲ್ಲ. ಅದು ಮೈಯನ್ನು ಅರ್ಧಕ್ಕಿಂತ ಹೆಚ್ಚು ಮುಳುಗಿಸಿ ಈಜುತ್ತದೆ, ಪೂರ್ತಿ ಮುಳುಗಿ ಎಲ್ಲೋ ದೂರದಲ್ಲಿ ಏಳುತ್ತದೆ, ಆಮೇಲೆ ದಡದ ಕಲ್ಲಿನ ಮೇಲೆ ಕೂತು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ.

ಹಾಗಾದರೆ ಮೀನು ಸತ್ತ ಬೆಳಗಿನಲ್ಲೇ ಬಾತು ಅಲ್ಲಿ ಏಕಿರುತ್ತದೆ? ಇಡೀ ವಿಷಯದ ಗಂಟು ಇರುವುದು ಈ ಪ್ರಶ್ನೆಯಲ್ಲಿ.

ವರಟೆ, ಸಿಳ್ಳೆಬಾತುಗಳು ಹೆಚ್ಚಾಗಿ ಸಂಜೆ ಮತ್ತು ರಾತ್ರಿ ಗದ್ದೆಬಯಲಲ್ಲಿ, ಕೆರೆಯಂಚಿನ ಹುಲ್ಲಿನಲ್ಲಿ ಮೇಯುತ್ತವೆ. ಬೆಳಕು ಹರಿಯುವ ಹೊತ್ತಿಗೆ ಜನಸಂಚಾರವಿಲ್ಲದ ನೀರು ಹುಡುಕಿ ವಿಶ್ರಾಂತಿಗೆ ಇಳಿಯುತ್ತವೆ. ಹೊಂಡದ ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಾಗುವುದೂ ಅದೇ ಗಳಿಗೆಯಲ್ಲಿ. ಹಗಲು ಹೊತ್ತು ನೀರಿನ ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ, ಮೀನು, ತಳದ ಕೊಳೆ ತಿನ್ನುವ ಬ್ಯಾಕ್ಟೀರಿಯಾ, ಎಲ್ಲವೂ ಸೇರಿ ಅದನ್ನು ಉಸಿರಾಡಿ ಮುಗಿಸುತ್ತವೆ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕವೂ ಕಡಿಮೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟು. ಗೆಂಡೆ ಜಾತಿಯ ಮೀನಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ, 3ಕ್ಕಿಂತ ಕೆಳಗಿಳಿದರೆ ಸಂಕಟ, 1ರ ಹತ್ತಿರ ಬಂದರೆ ಸಾವು. ಏಪ್ರಿಲ್, ಮೇ ತಿಂಗಳ ಕಾದ ನೀರಿನಲ್ಲಿ, ಅಥವಾ ಎರಡು ದಿನ ಮೋಡ ಮುಚ್ಚಿ ಪಾಚಿಗೆ ಬಿಸಿಲೇ ಸಿಗದಿದ್ದಾಗ, ನಸುಕಿನಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗುಟುಕರಿಸುವುದನ್ನು ಮೀನು ಸಾಕಿದ ಯಾರೂ ಕಾಣದೆ ಇರಲಾರರು. ಮೊದಲ ಮಳೆ ರಭಸವಾಗಿ ಬಿದ್ದರೆ ಇನ್ನೊಂದು ಅಪಾಯ. ಮೇಲಿನ ತಣ್ಣೀರು ಕೆಳಗಿಳಿದು, ಆಮ್ಲಜನಕವೇ ಇಲ್ಲದ ತಳದ ನೀರು ಮೇಲೆದ್ದು, ಇಡೀ ಹೊಂಡ ಒಂದೇ ರಾತ್ರಿಯಲ್ಲಿ ಉಸಿರುಗಟ್ಟುತ್ತದೆ. ದೊಡ್ಡ ಮೀನು ಮೊದಲು ಸಾಯುತ್ತದೆ, ಸಣ್ಣದು ಉಳಿಯುತ್ತದೆ. ರೋಗವಾಗಿದ್ದರೆ ಸಾವು ದಿನಗಟ್ಟಲೆ ನಡೆಯುತ್ತದೆ. ಇದು ಬೆಳಗಾಗುವುದರೊಳಗೆ ಮುಗಿದಿರುತ್ತದೆ. ಈ ವ್ಯತ್ಯಾಸವೊಂದನ್ನು ಗಮನಿಸಿದರೂ ಕಾರಣದ ಅರ್ಧ ಸಿಕ್ಕಂತೆ.

ರಾತ್ರಿ ಹೊತ್ತು ನೀರಿನಲ್ಲಿ ನಡೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನಸುಕಿನಲ್ಲಿ ಇಳಿದ ಹಕ್ಕಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಸಾಯುತ್ತಿರುವ ಮೀನು ಮೇಲೆ ಬಂದಾಗ ಬೆಳ್ಳಕ್ಕಿ, ಬಕ, ಹದ್ದುಗಳೂ ಸೇರುವುದರಿಂದ, ಹಕ್ಕಿ ಹೆಚ್ಚಿದ್ದ ದಿನವೇ ಮೀನು ಹೆಚ್ಚು ಸತ್ತಂತೆ ತೋರುವುದೂ ಸಹಜ. ಅಲ್ಲಿ ಸಾವು ಮೊದಲು, ಹಕ್ಕಿ ಆಮೇಲೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ಸತ್ತು ದಡ ತುಂಬಿದಾಗ ಯಾರೂ ಹಕ್ಕಿಗಳನ್ನು ದೂರಲಿಲ್ಲ, ಏಕೆಂದರೆ ಕೆರೆಗೆ ಕೊಳಚೆ ಸೇರುವುದು ಊರಿಗೇ ಗೊತ್ತಿತ್ತು. ಹೊಂಡದ ಕೊಳಚೆ ಅಷ್ಟು ಬಯಲಲ್ಲಿ ಇರುವುದಿಲ್ಲ. ಅದು ನಾವು ಪ್ರೀತಿಯಿಂದ ಹಾಕಿದ ಮೇವಿನ ರೂಪದಲ್ಲಿ ಬಂದಿರುತ್ತದೆ.

ಬಾತಿನ ಮೇಲಿನ ಮುಖ್ಯ ಆರೋಪ ಅದರ ಹಿಕ್ಕೆಯದು. ಹಿಕ್ಕೆ ನೀರು ಕೆಡಿಸುತ್ತದೆ ಎನ್ನುವವರು ಎಷ್ಟು ಹಿಕ್ಕೆ, ಎಷ್ಟು ನೀರು ಎಂದು ಕೇಳಿಕೊಳ್ಳಬೇಕು. ಬಾತು ಸಾಕಣೆಯ ಕೈಪಿಡಿಗಳ ಪ್ರಕಾರ ಒಂದು ಸಾಕುಬಾತು ದಿನಕ್ಕೆ 125ರಿಂದ 150 ಗ್ರಾಂ ಹಿಕ್ಕೆ ಹಾಕುತ್ತದೆ. ಅದರಲ್ಲಿ ಐದನೇ ನಾಲ್ಕು ಪಾಲು ನೀರೇ. ಅಮೋನಿಯಾ ಆಗಬಲ್ಲ ಸಾರಜನಕ ಇರುವುದು ಒಂದರಿಂದ ಒಂದೂವರೆ ಗ್ರಾಂ. ಈಗ ಮೀನಿನ ಮೇವನ್ನು ನೋಡೋಣ. ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ಬೆರೆಸಿದರೆ ಅದರಲ್ಲಿ ಪ್ರೋಟೀನು ಶೇ 27ರ ಆಸುಪಾಸು. ಒಂದು ಕಿಲೋ ಮೇವು ಎಂದರೆ ಸುಮಾರು 43 ಗ್ರಾಂ ಸಾರಜನಕ. ಮೀನು ತನ್ನ ಮೈಗೂಡಿಸಿಕೊಳ್ಳುವುದು ಅದರ ಮೂರನೇ ಒಂದು ಭಾಗವಿರಬಹುದು. ಉಳಿದ 30 ಗ್ರಾಂನಷ್ಟು ಕಿವಿರಿನ ಮೂಲಕ ಅಮೋನಿಯಾ ಆಗಿಯೋ, ತಿನ್ನದೆ ಬಿಟ್ಟ ಮೇವು ಕೊಳೆತೋ ನೀರಿಗೇ ಸೇರುತ್ತದೆ. ಒಂದು ಕಿಲೋ ಮೇವು ಬಿಟ್ಟುಹೋಗುವ ಹೊರೆಯನ್ನು ಬಾತುಗಳು ಹೊರಿಸಬೇಕಾದರೆ ಇಪ್ಪತ್ತು ಬಾತುಗಳಾದರೂ ಹಗಲು ರಾತ್ರಿ ಅದೇ ನೀರಿನಲ್ಲಿ ಇರಬೇಕು. ನಮ್ಮ ಹೊಂಡಕ್ಕೆ ಬಂದದ್ದು ನಾಲ್ಕೈದು ವರಟೆ, ಇದ್ದದ್ದು ಒಂದೆರಡು ತಾಸು.

ಅಮೋನಿಯಾ ಮೀನನ್ನು ಕೊಲ್ಲುವ ಬಗೆಯನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಹಸಿರು ಪಾಚಿ ಕಟ್ಟಿದ ಹೊಂಡದಲ್ಲಿ ಅದು ಇನ್ನಷ್ಟು ಕ್ರೂರವಾಗುತ್ತದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಅದರಲ್ಲಿ ಒಂದು ಮಾತ್ರ ಕಿವಿರನ್ನು ಸುಡುವ ವಿಷ. 25 ಡಿಗ್ರಿ ಉಷ್ಣತೆಯಲ್ಲಿ ನೀರಿನ ಪಿಎಚ್ 7 ಇದ್ದರೆ ಆ ವಿಷದ ರೂಪ ಶೇ 1ಕ್ಕಿಂತಲೂ ಕಡಿಮೆ. ಪಿಎಚ್ 9ಕ್ಕೆ ಏರಿದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ದಟ್ಟ ಹಸಿರಾದ ಹೊಂಡದಲ್ಲಿ ಬಿಸಿಲೇರಿದ ಮಧ್ಯಾಹ್ನ ಪಿಎಚ್ 9 ಮುಟ್ಟುವುದು ಅಪರೂಪವೇನಲ್ಲ. ಅದೇ ನೀರು, ಅದೇ ಅಮೋನಿಯಾ, ಬೆಳಿಗ್ಗೆ ಸಹ್ಯ, ಮಧ್ಯಾಹ್ನ ವಿಷ. ಹೆಚ್ಚು ಹಿಂಡಿ ಹಾಕಿದರೆ ಮೀನು ಬೇಗ ತೂಕ ಬರುತ್ತದೆಂದು ನಂಬಿ ಸುರಿದ ಪ್ರತಿ ಬುಟ್ಟಿಯೂ ಈ ಸುಳಿಗೆ ಸೇರುತ್ತದೆ.

ಹಿಕ್ಕೆಯ ಬಗ್ಗೆ ಹೇಳಲು ಇನ್ನೂ ಬಲವಾದ ಸಾಕ್ಷ್ಯವಿದೆ. ಬಂಗಾಳ, ಅಸ್ಸಾಂ, ಕೇರಳದ ರೈತರು ಮೀನುಕೊಳದ ಮೇಲೆ ಬೇಕೆಂದೇ ಬಾತು ಸಾಕುತ್ತಾರೆ. ಚೀನಾದಲ್ಲಿ ಇದು ಹಳೆಯ ಪದ್ಧತಿ. ನಮ್ಮ ಮೀನುಗಾರಿಕೆ ಸಂಸ್ಥೆಗಳೂ ದಶಕಗಳಿಂದ ಇದನ್ನು ಶಿಫಾರಸು ಮಾಡುತ್ತ ಬಂದಿವೆ: ಒಂದು ಹೆಕ್ಟೇರ್ ಕೊಳಕ್ಕೆ 200ರಿಂದ 300 ಬಾತು, ನೀರಿನಲ್ಲಿ ಕಾಟ್ಲಾ, ರೋಹು, ಮೃಗಾಲ್, ಬೆಳ್ಳಿಗೆಂಡೆ, ಸಾಮಾನ್ಯ ಗೆಂಡೆ. ಬಾತಿನ ಹಿಕ್ಕೆ ನೀರಿಗೆ ಗೊಬ್ಬರವಾಗಿ ಸೂಕ್ಷ್ಮಜೀವಿಗಳು ಹುಟ್ಟುತ್ತವೆ, ಅವು ಮೀನಿಗೆ ಆಹಾರ. ಬಾತು ಮೇವು ಹುಡುಕುತ್ತ ನೀರು ಕದಡಿದಾಗ ಗಾಳಿಯೂ ಸೇರುತ್ತದೆ. ಪ್ರತ್ಯೇಕ ಮೇವನ್ನೂ ಗೊಬ್ಬರವನ್ನೂ ಹಾಕದೆ ವರ್ಷಕ್ಕೆ ಹೆಕ್ಟೇರಿಗೆ ಮೂರೂವರೆ ಟನ್ನಿನಷ್ಟು ಮೀನು ತೆಗೆಯಬಹುದೆಂಬುದು ಈ ಪದ್ಧತಿಯ ಆಕರ್ಷಣೆ. ತಮಿಳುನಾಡಿನ ವೇಡಂತಾಂಗಲ್‌ನಲ್ಲಿ ಕೆರೆಯ ಹಕ್ಕಿಗಳ ಹಿಕ್ಕೆ ಸೇರಿದ ನೀರು ಗದ್ದೆಗೆ ಸಾರ ಎಂದು ಅರಿತಿದ್ದ ರೈತರು ಆ ಹಕ್ಕಿಗಳನ್ನು ಬೇಟೆಗಾರರಿಂದ ಉಳಿಸಿಕೊಂಡರು. ಅದಕ್ಕಾಗಿ 1798ರಲ್ಲೇ ಆಗಿನ ಕಲೆಕ್ಟರರಿಂದ ರಕ್ಷಣೆಯ ಪತ್ರವನ್ನೂ ಪಡೆದಿದ್ದರು.

ಆದರೆ ಇದೇ ಲೆಕ್ಕ ಬಾತಿನ ಪರ ವಾದಕ್ಕೆ ಒಂದು ಗಡಿಯನ್ನೂ ಹಾಕುತ್ತದೆ. ಹೆಕ್ಟೇರಿಗೆ 300 ಎಂದರೆ ಒಂದು ಬಾತಿಗೆ 33 ಚದರ ಮೀಟರ್ ನೀರು. 21 ಮೀಟರ್ ಉದ್ದ, ಅಷ್ಟೇ ಅಗಲದ ಕೃಷಿಹೊಂಡದಲ್ಲಿ 13 ಬಾತುಗಳು ಕಾಯಂ ಆಗಿ ಇದ್ದರೂ ಶಿಫಾರಸಿನ ಮಿತಿಯೊಳಗೇ ಇದ್ದಂತಾಯಿತು. ಮನೆಯಂಗಳದ ಹತ್ತಡಿ ಚೌಕದ ಸಿಮೆಂಟು ತೊಟ್ಟಿಯ ಮಾತು ಬೇರೆ. ಅಲ್ಲಿರುವುದು ಬರೀ 9 ಚದರ ಮೀಟರ್ ನೀರು. ಒಂದು ಜೋಡಿ ಬಾತು ಅಲ್ಲೇ ಬೀಡುಬಿಟ್ಟರೆ ಮಿತಿಯ ಏಳು ಪಟ್ಟು ದಾಟಿದಂತೆ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೂ ಮಣ್ಣಿನ ಕೊಳಕ್ಕೂ ಇರುವ ವ್ಯತ್ಯಾಸವನ್ನೂ ಮರೆಯಬಾರದು. ಮಣ್ಣಿನ ತಳ ಸಾರವನ್ನು ಹೀರಿ ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ; ಪ್ಲಾಸ್ಟಿಕ್ಕಿನ ಮೇಲೆ ಬಿದ್ದದ್ದು ಅಲ್ಲೇ ಕೊಳೆಯುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಹೊಂಡದಲ್ಲೇ ಮೇದು ಹೊಂಡದಲ್ಲೇ ಹಿಕ್ಕೆ ಹಾಕುವ ಬಾತು ಹೊಸದಾಗಿ ಏನನ್ನೂ ತಂದಂತಲ್ಲ. ರಾತ್ರಿ ಗದ್ದೆಯಲ್ಲಿ ಮೇದು ಹಗಲಿಡೀ ಹೊಂಡದಲ್ಲಿ ಕೂರುವ ಹಿಂಡು ಮಾತ್ರ ಹೊರಗಿನ ಸಾರವನ್ನು ಒಳಗೆ ತರುತ್ತದೆ. ಆದ್ದರಿಂದ ಹಕ್ಕಿ ಬಂತೇ ಎಂದು ಕೇಳಿದರೆ ಸಾಲದು. ಎಷ್ಟು ಬಂದವು, ಎಷ್ಟು ಹೊತ್ತು ಇದ್ದವು, ನೀರು ಎಷ್ಟಿದೆ ಎಂದು ಕೇಳಬೇಕು. ಬ್ರೆಡ್ಡು, ಅನ್ನ ಎಸೆದು ಬಾತುಗಳನ್ನು ರೂಢಿ ಮಾಡಿಸಿಕೊಂಡವರು ಸಣ್ಣ ಕೊಳದಲ್ಲಿ ಈ ಮೂರನ್ನೂ ಕೆಡಿಸುತ್ತಾರೆ. ಹಕ್ಕಿ ಬೀಡುಬಿಡುತ್ತದೆ, ತಿನ್ನದೆ ಉಳಿದದ್ದು ತಳದಲ್ಲಿ ಹುಳಿಯುತ್ತದೆ.

ರೋಗದ ಆರೋಪ ಇದಕ್ಕಿಂತ ಜಟಿಲ. ಒಂದು ನೀರಿನಿಂದ ಇನ್ನೊಂದು ನೀರಿಗೆ ಬಾತು ಏನನ್ನೂ ಒಯ್ಯುವುದಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಡಾರ್ವಿನ್ 1859ರಷ್ಟು ಹಿಂದೆಯೇ ಇದನ್ನು ಪರೀಕ್ಷಿಸಿ ತೋರಿಸಿದ್ದರು. ಸಿಹಿನೀರಿನ ಬಸವನಹುಳುಗಳು ಮರಿಯಾಗುತ್ತಿದ್ದ ತೊಟ್ಟಿಯಲ್ಲಿ ಬಾತಿನ ಪಾದಗಳನ್ನು ಇಳಿಬಿಟ್ಟರೆ ಮರಿಗಳು ಅದಕ್ಕೆ ಅಂಟಿಕೊಂಡವು, ತೇವದ ಗಾಳಿಯಲ್ಲಿ 12ರಿಂದ 20 ತಾಸು ಬದುಕಿದವು. ಅಷ್ಟು ಹೊತ್ತಿನಲ್ಲಿ ಬಾತು ಆರೇಳು ನೂರು ಮೈಲಿ ಹಾರಬಲ್ಲದು ಎಂದು ಅವರು ಲೆಕ್ಕ ಹಾಕಿದರು. ಪುಟ್ಟ ಕೊಳವೊಂದರ ಅಂಚಿನಿಂದ ಮೂರು ಚಮಚ ಕೆಸರು ತಂದು ಆರು ತಿಂಗಳು ಇಟ್ಟು ನೋಡಿದಾಗ ಅದರಿಂದ 537 ಸಸಿಗಳು ಮೊಳೆತವು. ಅಂಥ ಕೆಸರು ನೀರುಹಕ್ಕಿಯ ಕಾಲಿಗೆ ಮೆತ್ತಿಕೊಂಡರೆ ಎಷ್ಟು ದೂರ ಹೋದೀತೆಂಬುದು ಅವರ ಪ್ರಶ್ನೆ. ಹಂಗೇರಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಎರಡು ಜಾತಿಯ ಗೆಂಡೆಗಳ ಫಲಿತ ಮೊಟ್ಟೆಗಳನ್ನು ಮಲ್ಲಾರ್ಡ್ ಬಾತುಗಳಿಗೆ ತಿನ್ನಿಸಿ ಹಿಕ್ಕೆಯನ್ನು ಸೋಸಿದಾಗ ಶೇ 0.2ರಷ್ಟು ಮೊಟ್ಟೆಗಳು ಹಾಳಾಗದೆ ಹೊರಬಂದಿದ್ದವು, ಕೆಲವು ಮರಿಯೂ ಆದವು. ಯಾರೂ ಬಿಡದ ನೀರಿನಲ್ಲಿ ಮೀನು ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ವಿವರಣೆ. ಬಾತಿನ ಹೊಟ್ಟೆಯಿಂದ ಮೀನಿನ ಜೀವವೇ ದಾಟಿ ಬರಬಲ್ಲದಾದರೆ, ರೋಗಾಣು ದಾಟದು ಎಂದು ಹೇಳಲು ಯಾರಿಗೂ ಧೈರ್ಯ ಸಾಲದು. ಮೀನು ತಿನ್ನುವ ಹಕ್ಕಿಗಳ ಹಿಕ್ಕೆಯಲ್ಲಿ ಟ್ರೌಟ್ ಮೀನಿನ ಒಂದು ವೈರಸ್ ಜೀವಂತವಾಗಿ ಸಿಕ್ಕಿದ್ದೂ ಉಂಟು.

ಆದರೆ ಸಾಧ್ಯವಿದೆ ಎನ್ನುವುದಕ್ಕೂ ಹಾಗೆಯೇ ಆಗಿದೆ ಎನ್ನುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಕೋಯಿ ಮೀನು ಸಾಕುವವರನ್ನು ಜಗತ್ತಿನಾದ್ಯಂತ ಕಂಗೆಡಿಸಿದ ಕೋಯಿ ಹರ್ಪಿಸ್ ವೈರಸ್ ಸಾಗಿ ಬಂದ ದಾರಿ ನೋಡಿ. 1998ರಲ್ಲಿ ಇಸ್ರೇಲ್ ಮತ್ತು ಅಮೆರಿಕದ ಕೊಳಗಳಲ್ಲಿ ಗುರುತಾಯಿತು; ಕೆಲವೇ ವರ್ಷಗಳಲ್ಲಿ ಹಲವು ಖಂಡಗಳಲ್ಲಿ ಕಾಣಿಸಿಕೊಂಡಿತು; 2003ರಲ್ಲಿ ಜಪಾನಿನ ಕಸುಮಿಗೌರಾ ಸರೋವರದಲ್ಲಿ ಸಾವಿರ ಟನ್ನಿಗೂ ಹೆಚ್ಚು ಸಾಕುಗೆಂಡೆಗಳನ್ನು ಬಲಿ ತೆಗೆದುಕೊಂಡಿತು. ಇಸ್ರೇಲಿಗೂ ಅಮೆರಿಕಕ್ಕೂ ನಡುವೆ ಬಾತುಗಳ ವಲಸೆಯ ದಾರಿಯಿಲ್ಲ. ಮೀನಿನ ವ್ಯಾಪಾರದ ದಾರಿ ಇದೆ. ಸೋಂಕು ತಗುಲಿ ಬದುಕಿ ಉಳಿದ ಮೀನು ನೋಡಲು ಆರೋಗ್ಯವಾಗಿಯೇ ಇದ್ದು, ನೀರು ಬೆಚ್ಚಗಾದಾಗ ಮತ್ತೆ ವೈರಸ್ ಬಿಡುತ್ತದೆ. ಅಂಗಡಿಯಿಂದ ತಂದ ಹೊಸ ಮೀನನ್ನು ಅಂದೇ ಕೊಳಕ್ಕೆ ಬಿಡುವವರು, ಎರಡು ವಾರದ ಹಿಂದೆ ಬಿಟ್ಟ ಆ ಮೀನನ್ನು ಮರೆತು ನಿನ್ನೆ ಬಂದ ಬಾತನ್ನು ನೆನಪಿಟ್ಟುಕೊಳ್ಳುತ್ತಾರೆ. ಕೃಷಿಹೊಂಡಕ್ಕೂ ಇದೇ ಮಾತು ಸಲ್ಲುತ್ತದೆ. ಎಲ್ಲಿಂದಲೋ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಬಿತ್ತನೆ ಮರಿಗಳ ಜೊತೆ ಮೀನುಹೇನು, ಬಿಳಿಚುಕ್ಕೆ, ಕಿವಿರುಹುಳು ಬರಲು ಹಕ್ಕಿಯ ಕಾಲು ಬೇಕಿಲ್ಲ. ಆ ಚೀಲದ ನೀರೇ ಸಾಕು. ಪಕ್ಕದ ಹೊಂಡದಲ್ಲಿ ಎಳೆದ ಬಲೆಯನ್ನು ಒಣಗಿಸದೆ ನಮ್ಮ ಹೊಂಡಕ್ಕೆ ಹಾಕಿದರೂ ಸಾಕು.

ಹಕ್ಕಿ ಇಲ್ಲದೆ ಪೂರ್ತಿಯಾಗದ ರೋಗಗಳು ಕೆಲವು ಇವೆ, ನಿಜ. ಮೀನಿನ ಮಾಂಸದಲ್ಲಿ ಹಳದಿ ಗಂಟಾಗಿ ಕಾಣುವ ಒಂದು ಹುಳು ಬಕದ ಗಂಟಲಲ್ಲಿ ಬೆಳೆದು, ಅದರ ಮೊಟ್ಟೆ ನೀರಿಗೆ ಬಿದ್ದು, ಬಸವನಹುಳುವಿನೊಳಗೆ ಒಂದು ಜನ್ಮ ಕಳೆದು, ಆಮೇಲೆ ಮೀನಿನೊಳಗೆ ಸೇರುತ್ತದೆ. ಮೀನಿನ ಕಣ್ಣು ಮಂಜಾಗಿಸುವ ಹುಳುವಿನ ಸುತ್ತೂ ಹೆಚ್ಚುಕಡಿಮೆ ಇಂಥದ್ದೇ, ಅಲ್ಲಿ ಮುಖ್ಯ ಆಶ್ರಯ ಕಡಲಕ್ಕಿಗಳು. ಗಮನಿಸಬೇಕಾದದ್ದು, ಇವೆರಡರಲ್ಲೂ ಮೀನು ತಿನ್ನುವ ಹಕ್ಕಿಯೇ ಬೇಕು. ಬೀಜ ತಿನ್ನುವ ಬಾತಿಗೆ ಇಲ್ಲಿ ದೊಡ್ಡ ಪಾತ್ರವಿಲ್ಲ. ಬಸವನಹುಳು ತಿನ್ನುವುದರಿಂದ ಅದು ಸರಪಳಿಯ ನಡುಗೊಂಡಿಯನ್ನು ಕಡಿಮೆ ಮಾಡುತ್ತದೆ ಎಂದೂ ಹೇಳಬಹುದು.

ರೋಗ ಹಕ್ಕಿಯಿಂದ ಮೀನಿಗೆ ಮಾತ್ರ ಹರಿಯುತ್ತದೆ ಎಂಬ ಕಲ್ಪನೆಯೂ ಸರಿಯಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯಂಗಳದ ಮರಗಳ ಮೇಲೆಯೇ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ, ಊರಿನವರು ಅವುಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತುಬಿದ್ದವು. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆ ತುಂಬ ದುಂಡುಹುಳುಗಳು. ಆ ಹುಳು ಹೆಜ್ಜಾರ್ಲೆಯ ಹೊಟ್ಟೆ ಸೇರುವುದು ಮೀನಿನ ಮೂಲಕ. ಸುತ್ತಲಿನ ಕೆರೆಗಳ ನೀರು ಕೆಟ್ಟಂತೆ, ಅಲ್ಲಿನ ಮೀನಿನ ಆರೋಗ್ಯ ಕೆಟ್ಟಂತೆ, ಅದನ್ನೇ ನಂಬಿದ ಹಕ್ಕಿ ತೆರಬೇಕಾದ ಬೆಲೆ ಇದು. ರಾಜಸ್ಥಾನದ ಸಾಂಭರ್ ಸರೋವರದಲ್ಲಿ 2019ರ ನವೆಂಬರ್‌ನಲ್ಲಿ 18 ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಬಾಟುಲಿಸಂ ವಿಷದಿಂದ ಸತ್ತವು. ಆಮ್ಲಜನಕವಿಲ್ಲದ ಕೊಳೆಯಲ್ಲಿ ಹುಟ್ಟುವ ಆ ವಿಷ ಸತ್ತ ಹಕ್ಕಿಯಿಂದ ಬದುಕಿರುವ ಹಕ್ಕಿಗೆ ಹಬ್ಬುವುದು ಕೊಳೆತ ದೇಹದ ಹುಳುಗಳ ಮೂಲಕ. ನಮ್ಮ ಹೊಂಡದಲ್ಲಿ ಸತ್ತ ಮೀನನ್ನು ತೆಗೆಯದೆ ಬಿಟ್ಟರೆ ಅಪಾಯ ಬಾತಿನಿಂದ ನಮಗಲ್ಲ, ನಮ್ಮಿಂದ ಬಾತಿಗೆ. ಸತ್ತ ಮೀನನ್ನು ಅಂದೇ ಆಯ್ದು, ನೀರಿನಿಂದ ದೂರ, ಆಳವಾಗಿ ಹೂಳಬೇಕು.

ಇಷ್ಟು ಹೇಳಿದ ಮೇಲೆ ಬಾತಿನಿಂದ ಆಗುವ ನಿಜವಾದ ನಷ್ಟಗಳಿಗೆ ಬರುತ್ತೇನೆ. ಮೀನುಮರಿ ಬೆಳೆಸುವ ಪಾತಿಗೆ ಬಾತು ಇಳಿಯಬಾರದು. ಕೂದಲೆಳೆಯಂಥ ಮರಿಗಳನ್ನೂ ಮೊಟ್ಟೆಗಳನ್ನೂ ಅದು ಸೋಸಿ ತಿನ್ನುತ್ತದೆ. ಬಾತು ಸಾಕುವ ಕೊಳಕ್ಕೆ 10 ಸೆಂಟಿಮೀಟರಿಗಿಂತ ದೊಡ್ಡ ಮರಿಗಳನ್ನೇ ಬಿಡಬೇಕೆಂಬ ನಿಯಮ ಇರುವುದು ಇದಕ್ಕೇ. ಅಲಂಕಾರದ ಕೊಳದಲ್ಲಿ ನೆಟ್ಟ ನೀರುಗಿಡಗಳನ್ನು ಅದು ಕಿತ್ತುಹಾಕುತ್ತದೆ. ಹೊಂಡದ ಪಕ್ಕದಲ್ಲೇ ನಾಟಿಕೋಳಿ ಸಾಕಿದವರ ಚಿಂತೆ ಇನ್ನೂ ಗಂಭೀರ. ಕಾಡುಬಾತುಗಳು ಹಕ್ಕಿಜ್ವರದ ವೈರಸ್ಸನ್ನು ತಾವು ಸಾಯದೆಯೇ ಹೊತ್ತು ತಿರುಗಬಲ್ಲವು. 2005ರಲ್ಲಿ ಚೀನಾದ ಚಿಂಗ್ಹಾಯ್ ಸರೋವರದಲ್ಲಿ ಅದರಿಂದ ಸಾವಿರಾರು ಕಾಡುಹಕ್ಕಿಗಳೇ ಸತ್ತವು. ಅವುಗಳಲ್ಲಿ ಮುಖ್ಯವಾಗಿದ್ದದ್ದು ಪಟ್ಟೆತಲೆ ಹೆಬ್ಬಾತು, ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಅದೇ ಜಾತಿ. ಮೈಸೂರು ಮೃಗಾಲಯವನ್ನು 2017ರ ಜನವರಿಯಲ್ಲಿ ಒಂದು ತಿಂಗಳ ಮಟ್ಟಿಗೆ ಮುಚ್ಚಬೇಕಾಗಿ ಬಂದದ್ದೂ ಹಕ್ಕಿಜ್ವರದಿಂದಲೇ. ಮೀನಿಗೆ ಈ ಜ್ವರ ತಗುಲುವುದಿಲ್ಲ, ಕೋಳಿಗೆ ತಗುಲುತ್ತದೆ. ಕಾಡುಬಾತು ಇಳಿಯುವ ನೀರನ್ನು ಕೋಳಿಗೆ ಕುಡಿಸಬಾರದು, ಕೋಳಿಗಳನ್ನು ಹೊಂಡದ ದಡಕ್ಕೆ ಬಿಡಬಾರದು. ಬಾತಿನ ಬಗ್ಗೆ ಹೆದರಬೇಕಾದ ಜಾಗ ಇದು, ಮೀನು ಅಲ್ಲ.

ಹೆದರಿಕೆಯ ದಿಕ್ಕು ತಪ್ಪಿದಾಗ ಪರಿಹಾರದ ದಿಕ್ಕೂ ತಪ್ಪುತ್ತದೆ. ಬಾತು ಓಡಿಸಲು ಪಟಾಕಿ ಹಚ್ಚುತ್ತಾರೆ, ಹೊಂಡದ ಮೇಲೆ ಸಡಿಲವಾಗಿ ತೆಳುನೈಲಾನ್ ಬಲೆ ಕಟ್ಟುತ್ತಾರೆ. ಅದರಲ್ಲಿ ಸಿಕ್ಕಿಕೊಳ್ಳುವುದು ಬಾತಷ್ಟೇ ಅಲ್ಲ, ಹೊಂಡದ ಸೊಳ್ಳೆಮರಿ ತಿನ್ನಲು ಬರುವ ಸಣ್ಣ ಹಕ್ಕಿಗಳೂ ರಾತ್ರಿಯ ಬಾವಲಿಗಳೂ ಸಿಕ್ಕಿ ಒದ್ದಾಡಿ ಸಾಯುತ್ತವೆ. ಕಾಡುಬಾತನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮರಿ ಬೆಳೆಸುವ ಪಾತಿಗೆ ಹೊದಿಕೆ ಬೇಕೇ ಬೇಕು, ಅದು ಬಿಗಿಯಾಗಿ ಎಳೆದು ಕಟ್ಟಿದ, ದಪ್ಪ ದಾರದ, ಕಣ್ಣಿಗೆ ಕಾಣುವ ಬಲೆಯಾಗಲಿ. ಬಲಿತ ಮೀನಿರುವ ಹೊಂಡಕ್ಕೆ ಅದೂ ಬೇಡ. ಅಲ್ಲಿ ಬೇಕಿರುವುದು ನಸುಕಿನಲ್ಲಿ ಪಂಪು ಹಾಕಿ ನೀರನ್ನು ಎತ್ತರದಿಂದ ಅದೇ ಹೊಂಡಕ್ಕೆ ಚಿಮ್ಮಿಸುವುದು, ಮೋಡದ ದಿನ ಮೇವು ನಿಲ್ಲಿಸುವುದು, ಔಷಧಿ ಹೊಡೆದ ಪಂಪನ್ನು ಹೊಂಡದಲ್ಲಿ ತೊಳೆಯದಿರುವುದು. ಟೊಮೆಟೊ, ದ್ರಾಕ್ಷಿಗೆ ಹೊಡೆಯುವ ಪೈರೆಥ್ರಾಯ್ಡ್ ಕೀಟನಾಶಕಗಳು ಒಂದು ಲೀಟರ್ ನೀರಿನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ಇದ್ದರೂ ಮೀನಿಗೆ ಮಾರಕ. ತೊಳೆದ ಟ್ಯಾಂಕಿನ ತಳದ ಆ ಒಂದು ಲೋಟ ನೀರು ಮಾಡುವ ಅನಾಹುತವನ್ನು ಒಂದು ಹಿಂಡು ಬಾತು ಇಡೀ ಚಳಿಗಾಲ ಇದ್ದರೂ ಮಾಡಲಾರದು.

ಪ್ಲಾಸ್ಟಿಕ್ ಹೊಂಡದ ಗೋಡೆಯ ಬಗ್ಗೆ ಒಂದು ಮಾತು. ಆ ಜಾರು ಇಳಿಜಾರಿನಲ್ಲಿ ಇಳಿದ ಬಾತಿನ ಮರಿ ಹತ್ತಿ ಬರಲಾರದು. ಎಷ್ಟೋ ಹೊಂಡಗಳಲ್ಲಿ ಮನುಷ್ಯರ ಮಕ್ಕಳೂ ಹತ್ತಿ ಬರಲಾಗದೆ ಮುಳುಗಿದ್ದಾರೆ. ಒಂದು ಮೂಲೆಯಲ್ಲಿ ತೆಂಗಿನ ನಾರಿನ ಚಾಪೆಯನ್ನೋ ಗಂಟು ಹಾಕಿದ ದಪ್ಪ ಹಗ್ಗವನ್ನೋ ನೀರಿನವರೆಗೆ ಇಳಿಬಿಟ್ಟರೆ ಇಬ್ಬರಿಗೂ ದಾರಿಯಾಗುತ್ತದೆ, ಸುತ್ತ ಬೇಲಿಯಂತೂ ಇರಲೇಬೇಕು.

ಇದೆಲ್ಲವನ್ನೂ ರೈತನೊಬ್ಬನ ಹೆಗಲಿಗೆ ಹೊರಿಸುವುದು ಅನ್ಯಾಯ. ಹೊಂಡ ತೋಡಲು ಸಹಾಯಧನವಿದೆ, ಪ್ಲಾಸ್ಟಿಕ್ ಹಾಳೆಗೆ ಇದೆ, ನೀರೆತ್ತುವ ಪಂಪಿಗೆ ಇದೆ, ಮೀನುಮರಿ ಕೊಡಲು ಇಲಾಖೆಯಿದೆ. ಆ ನೀರಿನಲ್ಲಿ ನಸುಕಿನ ಐದು ಗಂಟೆಗೆ ಎಷ್ಟು ಆಮ್ಲಜನಕವಿದೆ ಎಂದು ನೋಡುವ ಒಂದು ಮಾಪಕ ಮಾತ್ರ ರೈತನ ಕೈಗೆಟಕುವ ದೂರದಲ್ಲಿ ಇಲ್ಲ. ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕರಗಿದ ಆಮ್ಲಜನಕದ ಮಾಪಕವೊಂದು, ಅಮೋನಿಯಾ ಮತ್ತು ಪಿಎಚ್ ನೋಡುವ ಪರೀಕ್ಷಾ ಪೆಟ್ಟಿಗೆಯೊಂದು ಇರಲಿ. ಮೀನು ಸತ್ತಿತೆಂದು ಕರೆ ಬಂದರೆ ಅದೇ ದಿನ ನೀರನ್ನೂ ಇನ್ನೂ ಜೀವವಿರುವ ಒಂದು ಮೀನನ್ನೂ ಒಯ್ದು ಪರೀಕ್ಷಿಸುವ ವ್ಯವಸ್ಥೆ ಇರಲಿ. ಎಷ್ಟು ಹೊತ್ತಿಗೆ ಸತ್ತಿತು, ದೊಡ್ಡದೋ ಸಣ್ಣದೋ, ಹಿಂದಿನ ದಿನ ಮೋಡವಿತ್ತೇ, ಎಷ್ಟು ಮೇವು ಹಾಕಿದಿರಿ, ಹೊಸ ಮರಿ ಯಾವಾಗ ಬಿಟ್ಟಿರಿ, ಸುತ್ತಮುತ್ತ ಯಾವ ಔಷಧಿ ಹೊಡೆದರು ಎಂಬುದನ್ನು ಬರೆದಿಟ್ಟುಕೊಳ್ಳಲಿ. ಯಾವ ಹಕ್ಕಿ ಬಂದಿತ್ತು ಎಂಬುದೂ ಆ ಪಟ್ಟಿಯಲ್ಲಿರಲಿ, ತನ್ನ ಸರದಿಯಲ್ಲಿ.